ಆ್ಯಪ್ ಇಲ್ಲದೆ ಓಡದ ಆಟಿಕೆ: ಕಣ್ಣು ಕಾಣದ ಅಪ್ಪ ಅಮ್ಮಂದಿರು ಹೇಗೆ ನಿಭಾಯಿಸಿದಿರಿ?

ಪುಟ್ಟಿಯ ಅಮ್ಮ

ನನಗೂ ನನ್ನ ಗಂಡನಿಗೂ ಕಣ್ಣು ಒಂದಿಷ್ಟೂ ಕಾಣುವುದಿಲ್ಲ. ಮಗಳಿಗೆ ನಾಲ್ಕು ವರ್ಷ, ಅವಳಿಗೆ ಚೆನ್ನಾಗಿ ಕಾಣುತ್ತದೆ. ಅವಳಿಗೆ ಒಂದು ಮಾತಾಡುವ ರೋಬೋ ನಾಯಿ ಉಡುಗೊರೆ ಬಂದಿದೆ. ಫೋನಿನ ಆ್ಯಪ್‌ಗೆ ಜೋಡಿಸದಿದ್ದರೆ ಅದು ಬೊಗಳುವುದು ಬಿಟ್ಟು ಬೇರೇನೂ ಮಾಡುವುದಿಲ್ಲ. ಆ್ಯಪ್ ತೆರೆದರೆ, ಪರದೆ ಓದಿ ಹೇಳುವ ಟಾಕ್‌ಬ್ಯಾಕ್ ಎಲ್ಲದಕ್ಕೂ ‘ಲೇಬಲ್ ಇಲ್ಲ, ಬಟನ್’ ಅನ್ನುತ್ತದೆ. ವಾಪಸ್ ಕೊಡಲು ಇನ್ನೂ ಸ್ವಲ್ಪ ದಿನ ಇದೆ. ಇಟ್ಟುಕೊಳ್ಳುವುದಾ, ಕೊಟ್ಟು ಬೇರೆ ತರುವುದಾ? ಬಳಸಿದವರು ನಿಮ್ಮ ಅನುಭವ ಹೇಳಿ.

ಇಬ್ಬರು ಹುಡುಗರ ಅಪ್ಪ

ನಮ್ಮ ಮನೆಯಲ್ಲೂ ಇಬ್ಬರಿಗೂ ಕಾಣುವುದಿಲ್ಲ. ದೊಡ್ಡವನಿಗೆ ಚಕ್ರದ ಮೇಲೆ ಓಡುವ ಒಂದು ರೋಬೋ ತಂದಿದ್ದೆವು. ಆ ಕಥೆ ಪೂರ್ತಿ ಹೇಳುತ್ತೇನೆ, ಯಾಕಂದರೆ ಡಬ್ಬಿಯ ಮೇಲೆ ಇದನ್ನೆಲ್ಲ ಯಾರೂ ಬರೆಯುವುದಿಲ್ಲ.

ಒಳಗಿದ್ದ ಹಾಳೆಯಲ್ಲಿ ಬರೀ ಚಿತ್ರ, ಒಂದು ಅಕ್ಷರ ಇಲ್ಲ. ಫೋನಿಗೆ ತೋರಿಸಿದರೆ ಅದು ಓದುವುದಾದರೂ ಏನನ್ನು? ಆ್ಯಪ್ ಮೊದಲು ಬ್ಲೂಟೂತ್ ಕೇಳಿತು, ಆಮೇಲೆ ಲೊಕೇಶನ್. ಆಟಿಕೆಗೆ ನನ್ನ ಲೊಕೇಶನ್ ಯಾಕೆ ಅಂತ ಬೇಡ ಅಂದೆ. ಹುಡುಕಾಟ ಅಲ್ಲಿಗೇ ನಿಂತಿತು. ಆಂಡ್ರಾಯ್ಡ್ 12 ಬರುವ ತನಕ ಲೊಕೇಶನ್ ಕೊಡದೆ ಹತ್ತಿರದ ಬ್ಲೂಟೂತ್ ಸಾಧನ ಸಿಗುತ್ತಲೇ ಇರಲಿಲ್ಲ. ಆ ಒಂದು ಸಾಲು ಆ್ಯಪ್‌ನಲ್ಲಿ ಹೇಳಿದ್ದರೆ ಏನು ಹೋಗುತ್ತಿತ್ತು?

ಆಮೇಲೆ ವೈಫೈ. ರೋಬೋ ತನ್ನದೇ ಒಂದು ವೈಫೈ ಹಾಕುತ್ತದೆ, ಫೋನು ಅದಕ್ಕೆ ಸೇರಬೇಕು. ಅದರಲ್ಲಿ ಇಂಟರ್ನೆಟ್ ಇಲ್ಲ ಅಂತ ಫೋನು ಸದ್ದಿಲ್ಲದೆ ಮನೆಯ ವೈಫೈಗೆ ವಾಪಸ್ ಹೋಗುತ್ತದೆ. ಕಾಣುವವರಿಗೆ ಪರದೆಯ ಮೇಲೆ ಗುರುತು ಬದಲಾಗಿದ್ದು ಗೊತ್ತಾಗುತ್ತದೆ. ನಮಗೆ ಯಾರು ಹೇಳಬೇಕು? ರೋಬೋಗೆ 2.4 ಗಿಗಾಹರ್ಟ್ಸ್ ಅಲೆಯ ವೈಫೈ ಮಾತ್ರ ಹಿಡಿಯುತ್ತದೆ ಅನ್ನುವುದನ್ನೂ ನಾವೇ ಹುಡುಕಿ ತಿಳಿದುಕೊಂಡೆವು. ಅದು ಸೇರಿತಾ ಇಲ್ಲವಾ ಅಂತ ಹೇಳುವುದು ಒಂದೇ ಒಂದು ದೀಪ. ನೀಲಿ ಮಿನುಗಿದರೆ ಹುಡುಕುತ್ತಿದೆ, ನೀಲಿ ನಿಂತರೆ ಸೇರಿದೆ, ಕೆಂಪಾದರೆ ಚಾರ್ಜ್ ಇಲ್ಲ. ಬಾಯಿ ತೆರೆದರೆ ಹಾಡು ಹೇಳುವ ಆಟಿಕೆಗೆ ‘ಸೇರಿದೆ’ ಅನ್ನುವ ಒಂದು ಮಾತು ಕೊಟ್ಟಿಲ್ಲ.

ಎಲ್ಲಕ್ಕಿಂತ ನೋವಾಗಿದ್ದು ಪೋಷಕರ ಬೀಗ. ಸೆಟ್ಟಿಂಗ್ ತೆರೆಯಬೇಕಾದರೆ ಹಳದಿ ನಕ್ಷತ್ರವನ್ನು ಎಳೆದು ಪೆಟ್ಟಿಗೆಗೆ ಹಾಕಬೇಕು. ಮಕ್ಕಳು ಒಳಗೆ ಹೋಗದಿರಲಿ ಅಂತ ಇಟ್ಟಿರುವ ಬೀಗ ಅದು. ನನ್ನ ಮಗ ಎಳೆದ, ಒಳಗೆ ಹೋದ. ಅಪ್ಪ ಆದ ನಾನು ಹೊರಗೆ ಉಳಿದೆ. ಚಂದಾ ಕೊಳ್ಳುವ ಪುಟ ಒಳಗೇ ಇತ್ತು. ಆಟಿಕೆಗೆ ಕೊಟ್ಟಿದ್ದರ ಅರ್ಧದಷ್ಟು ಹಣ ಚಂದಾಕ್ಕೆ ಹೋಯಿತು. ವಾಪಸ್ ಕೇಳಲು ಒಂದು ಫಾರ್ಮ್, ಅದರ ಕೊನೆಗೆ ಚಿತ್ರ ನೋಡಿ ಆರಿಸುವ ಕ್ಯಾಪ್ಚಾ. ಹಣ ಬರಲೇ ಇಲ್ಲ.

ಆವತ್ತಿನಿಂದ ನಮ್ಮ ಮನೆಯ ನಿಯಮ ಒಂದೇ. ಆ್ಯಪ್ ಕೇಳುವ ಆಟಿಕೆ ಒಳಗೆ ಬರಬಾರದು.

ಹಠದ ಅಮ್ಮ

ನಿಮ್ಮ ನೋವು ಅರ್ಥವಾಗುತ್ತದೆ ಸರ್. ಆದರೆ ಬಾಗಿಲು ಹಾಕಿಕೊಂಡರೆ ನಷ್ಟ ನಮ್ಮ ಮಕ್ಕಳಿಗೇ ಅಲ್ವಾ? ಜೊತೆಯ ಮಕ್ಕಳೆಲ್ಲ ಆಡುವುದು ಇವುಗಳಲ್ಲೇ.

ನಾನು ಇಟ್ಟುಕೊಂಡೆ. ಕೈಯಿಂದಲೇ ಎಲ್ಲ ಕಲಿತೆ. ದೀಪದ ವಿಷಯ ಹೇಳಿದಿರಲ್ಲ, ಕಾಣದವರಿಗೆ ಅಂತಲೇ ಇರುವ ಸೀಯಿಂಗ್ ಎಐ ಆ್ಯಪ್‌ನಲ್ಲಿ ಬೆಳಕು ಗುರುತಿಸುವ ಸೌಲಭ್ಯ ಇದೆ. ಬೆಳಕು ಜಾಸ್ತಿಯಾದರೆ ಸದ್ದು ಏರುತ್ತದೆ. ಕೋಣೆಯ ದೀಪ ಆರಿಸಿ ಫೋನಿನ ಕ್ಯಾಮೆರಾವನ್ನು ಆಟಿಕೆಯ ದೀಪಕ್ಕೆ ಹತ್ತಿರ ಹಿಡಿಯಿರಿ. ಮಿನುಗುತ್ತಿದ್ದರೆ ಸದ್ದು ಏರಿಳಿಯುತ್ತದೆ, ನಿಂತಿದ್ದರೆ ಒಂದೇ ಸಮ ಇರುತ್ತದೆ. ಹುಡುಕುತ್ತಿದೆಯಾ, ಸೇರಿದೆಯಾ ಅಂತ ತಿಳಿಯಲು ಬಣ್ಣ ಬೇಕಾಗಿಲ್ಲ.

ಹೆಸರಿಲ್ಲದ ಬಟನ್‌ಗಳಿಗೆ ನಾನೇ ಹೆಸರು ಕೊಟ್ಟೆ. ಐಫೋನ್‌ನಲ್ಲಿ ಬಟನ್ ಮೇಲೆ ನಿಂತು ಎರಡು ಬೆರಳಿನಿಂದ ಎರಡು ಸಲ ತಟ್ಟಿ, ಎರಡನೇ ಸಲ ಒತ್ತಿ ಹಿಡಿದರೆ ಲೇಬಲ್ ಬರೆಯಬಹುದು. ಒಂದೊಂದನ್ನೂ ಒತ್ತಿ, ಏನಾಗುತ್ತದೆ ಅಂತ ಕೇಳಿಸಿಕೊಂಡು ಬರೆದೆ. ಬೆವರು ಸುರಿಸಿ ಮಾಡಿದ ಕೆಲಸ ಅದು. ಎಲ್ಲ ಮುಗಿದ ಮೇಲೆ ಆ್ಯಪ್ ಅಪ್‌ಡೇಟ್ ಬಂತು. ಪರದೆಯನ್ನೇ ಬದಲಿಸಿದ್ದರು, ಲೇಬಲ್ ಎಲ್ಲ ಹೋಯಿತು. ಮತ್ತೆ ಕೂತು ಬರೆದೆ.

ಇನ್ನೊಂದು ತೊಂದರೆ ಯಾರೂ ಹೇಳಿರಲಿಲ್ಲ. ಕೆಲವು ಆಟಿಕೆ ಫೋನಿಗೆ ಬ್ಲೂಟೂತ್ ಸ್ಪೀಕರ್ ಆಗಿ ಸೇರುತ್ತವೆ. ಆಗ ಐಫೋನ್ ಪರದೆ ಓದುವ ವಾಯ್ಸ್‌ಓವರ್ ಮಾತೂ ಆಟಿಕೆಯ ಹೊಟ್ಟೆಯಿಂದಲೇ ಬರುತ್ತದೆ! ಮಗು ಕರಡಿ ತಬ್ಬಿಕೊಂಡು ಮಲಗಿರುವಾಗ ಕರಡಿ ನನ್ನ ಬ್ಯಾಂಕಿನ ಓಟಿಪಿ ಓದುತ್ತಿತ್ತು. ಈಗ ಆಟಿಕೆಗೆ ಅಂತಲೇ ಒಂದು ಹಳೆಯ ಫೋನ್ ಬೇರೆ ಇಟ್ಟಿದ್ದೇನೆ. ಅದರಲ್ಲಿ ಸಿಮ್ ಇಲ್ಲ, ಬ್ಯಾಂಕ್ ಆ್ಯಪ್ ಇಲ್ಲ. ಹಳೆಯ ಫೋನಾದ್ದರಿಂದ ಅದರ ಬ್ಯಾಟರಿ ಬದಲಿಸಲು ಖರ್ಚಾಯಿತು, ನಿಜ. ಆದರೂ ನನ್ನ ಮಗನ ರೋಬೋವನ್ನು ನಾನೇ ನಡೆಸುತ್ತೇನೆ. ಬೇರೆ ಯಾರನ್ನೂ ಕರೆಯುವುದಿಲ್ಲ.

ಟೆಸ್ಟಿಂಗ್ ಕೆಲಸದವನು

ನಾನೂ ಕಾಣದವನೇ. ಆ್ಯಪ್‌ಗಳು ಟಾಕ್‌ಬ್ಯಾಕ್‌ನಂಥ ಸ್ಕ್ರೀನ್ ರೀಡರ್ ಜೊತೆ ಓಡುತ್ತವೆಯಾ ಅಂತ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಮಗಳಿಗೆ ಆರು.

ಅಕ್ಕ, ಲೇಬಲ್ ಬರೆದಿದ್ದು ದೊಡ್ಡದು. ಆದರೆ ಎಲ್ಲ ಆ್ಯಪ್‌ನಲ್ಲೂ ಅದು ಆಗುವುದಿಲ್ಲ. ಮಕ್ಕಳ ಆ್ಯಪ್ ತುಂಬಾ ಕಡೆ ಯೂನಿಟಿಯಂಥ ಗೇಮ್ ಎಂಜಿನ್‌ನಲ್ಲಿ, ಅಂದರೆ ಆಟಗಳನ್ನು ಕಟ್ಟುವ ತಂತ್ರಾಂಶದಲ್ಲಿ ಮಾಡಿರುತ್ತಾರೆ. ಅಲ್ಲಿ ಫೋನಿನ ಮಟ್ಟಿಗೆ ಇಡೀ ಪರದೆ ಒಂದೇ ತುಂಡು. ಒಳಗೆ ಬಟನ್ ಇದೆ ಅಂತಲೇ ಟಾಕ್‌ಬ್ಯಾಕ್‌ಗೆ ತಿಳಿಯುವುದಿಲ್ಲ. ಮೊಬೈಲ್ ಸ್ಕ್ರೀನ್ ರೀಡರ್‌ಗೆ ಬೇಕಾದ ದಾರಿಯನ್ನು ಯೂನಿಟಿ ಕೊಟ್ಟಿದ್ದೇ 2023.2 ಆವೃತ್ತಿಯಲ್ಲಿ. ಅದಕ್ಕೂ ಹಳೆಯ ಆ್ಯಪ್‌ಗಳನ್ನು ಕಂಪನಿ ಮತ್ತೆ ಕೂತು ಬರೆಯಬೇಕು. ಮಾರಿ ಮುಗಿದ ಆಟಿಕೆಗೆ ಯಾರು ಬರೆಯುತ್ತಾರೆ?

ಪುಟ್ಟಿಯ ಅಮ್ಮನಿಗೆ ‘ಬಟನ್’ ಅಂತಾದರೂ ಕೇಳುತ್ತಿದೆ. ಹಾಗಾದರೆ ಟಾಕ್‌ಬ್ಯಾಕ್ ಮೆನುವಿನಿಂದ ಲೇಬಲ್ ಸೇರಿಸಿ ನೋಡಬಹುದು. ಬೆರಳು ಎಲ್ಲಿಟ್ಟರೂ ಏನೂ ಹೇಳದ ಆ್ಯಪ್ ಆಗಿದ್ದರೆ ವಾಪಸ್ ಕೊಡಿ ಅನ್ನುತ್ತಿದ್ದೆ.

ನನ್ನ ಅನುಭವದಲ್ಲಿ ಕೈಗೆ ಸಿಗುವ ವಸ್ತು ಇಟ್ಟು ನಡೆಸುವ ಆಟಿಕೆ ಬದುಕುತ್ತವೆ. ಮಗಳಿಗೆ ಟೋನಿಬಾಕ್ಸ್ ಅನ್ನುವ ಕಥೆ ಹೇಳುವ ಪೆಟ್ಟಿಗೆ ತಂದೆ. ಮೇಲೆ ಒಂದು ಬೊಂಬೆ ಇಟ್ಟರೆ ಆ ಬೊಂಬೆಯ ಕಥೆ ಶುರುವಾಗುತ್ತದೆ. ಪೆಟ್ಟಿಗೆಯ ದೊಡ್ಡ ಕಿವಿ ಹಿಂಡಿದರೆ ಸದ್ದು ಜಾಸ್ತಿ, ಚಿಕ್ಕದು ಹಿಂಡಿದರೆ ಕಡಿಮೆ. ಪಕ್ಕಕ್ಕೆ ತಟ್ಟಿದರೆ ಮುಂದಿನ ಭಾಗ. ಮೊದಲು ಒಂದು ಸಲ ವೈಫೈಗೆ ಸೇರಿಸಬೇಕು. ಹೊಸ ಬೊಂಬೆ ಇಟ್ಟಾಗ ಕಥೆ ಇಳಿಯಬೇಕು. ಆಮೇಲೆ ಇಂಟರ್ನೆಟ್ ಬೇಡ, ಫೋನೂ ಬೇಡ. ಬೊಂಬೆಯ ಆಕಾರ ಬೆರಳಿಗೆ ಗೊತ್ತಾಗುತ್ತದೆ, ಯಾವ ಕಥೆ ಅಂತ ಓದಬೇಕಾಗಿಲ್ಲ. ಖರ್ಚು ಮಾತ್ರ ಬೊಂಬೆಗಳದ್ದು. ಪೆಟ್ಟಿಗೆಗಿಂತ ಬೊಂಬೆಗೇ ಜಾಸ್ತಿ ಹೋಗಿದೆ ನಮಗೆ, ಅದನ್ನು ಮೊದಲೇ ತಿಳಿದಿರಿ.

ಇಬ್ಬರು ಹುಡುಗರ ಅಪ್ಪ

ಮತ್ತೆ ಅದೇ ಆಯಿತಲ್ಲ. ವೈಫೈಗೆ ಸೇರಿಸಲು ಆ್ಯಪ್ ಬೇಕು, ಕಂಪನಿಯ ಸರ್ವರ್ ಬೇಕು. ಕಂಪನಿ ಮುಚ್ಚಿದರೆ? ಕೋಝ್ಮೋ, ವೆಕ್ಟರ್ ರೋಬೋ ಮಾಡುತ್ತಿದ್ದ ಆಂಕಿ 2019ರಲ್ಲಿ ಮುಚ್ಚಿತು. ಮಕ್ಕಳ ಜೊತೆ ಮಾತಾಡುತ್ತಿದ್ದ ಮೋಕ್ಸಿ ರೋಬೋದ ಕಂಪನಿ ಎಂಬಾಡಿಡ್ ಕೂಡ 2024ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕುತ್ತೇವೆ ಅಂದಿತು. ಸಾಕಿದ ಗೆಳೆಯ ಮಾತು ನಿಲ್ಲಿಸುತ್ತಾನೆ ಅಂತ ಮಗುವಿಗೆ ಹೇಗೆ ಹೇಳುವುದು?

ಅರೆ ಕಾಣುವ ತಾಯಿ

ಇಷ್ಟೆಲ್ಲ ಯಾಕೆ ಕಷ್ಟ? ನನಗೆ ಒಂದು ಕಣ್ಣಲ್ಲಿ ಸ್ವಲ್ಪ ಕಾಣುತ್ತದೆ, ಗಂಡನಿಗೆ ಪೂರ್ತಿ ಇಲ್ಲ. ಆ್ಯಪ್ ಪರದೆಯನ್ನು ಎಂಟು ವರ್ಷದ ಮಗಳೇ ಓದಿ ಹೇಳುತ್ತಾಳೆ. ‘ಅಮ್ಮಾ, ಹಸಿರು ಬಟನ್ ಬಂತು, ಒತ್ತಲಾ?’ ಅಂತಾಳೆ. ನಾನು ಒತ್ತು ಅಂತೀನಿ. ಅವಳಿಗೆ ಓದು ಬೇಗ ಬಂದಿದ್ದೇ ಇದರಿಂದ. ಅವಳಿಗೂ ಖುಷಿ, ತನ್ನ ಆಟಿಕೆಯನ್ನು ತಾನೇ ಸಿದ್ಧ ಮಾಡಿಕೊಂಡೆ ಅಂತ.

ಮೂವರನ್ನು ಬೆಳೆಸಿದವಳು

ಕೋಪ ಬರುತ್ತಿದೆ ತಾಯಿ, ಹೇಳಿಬಿಡುತ್ತೇನೆ. ಮಗು ಅಮ್ಮನ ಕಣ್ಣಾಗಬಾರದು. ಕಾಣದ ನಾನು ಮೂರು ಮಕ್ಕಳನ್ನು ಬೆಳೆಸಿದ್ದೇನೆ. ಒಬ್ಬರ ಕೈಯಲ್ಲೂ ‘ಇದು ಏನು ಓದು’ ಅಂತ ಕಾಗದ ಕೊಡಲಿಲ್ಲ. ಆಟಿಕೆಯ ಆ್ಯಪ್‌ನಲ್ಲಿ ಮಗುವಿನ ಹೆಸರು, ಹುಟ್ಟಿದ ದಿನ, ಮೈಕ್, ಕ್ಯಾಮೆರಾ ಎಲ್ಲದಕ್ಕೂ ಒಪ್ಪಿಗೆ ಕೇಳುತ್ತಾರೆ. ಮಗು ಓದಿ ಮಗುವೇ ಒತ್ತಿದರೆ ಒಪ್ಪಿಗೆ ಕೊಟ್ಟವರು ಯಾರು? ಇಬ್ಬರು ಹುಡುಗರ ಅಪ್ಪನ ಚಂದಾ ಕಥೆ ಮೇಲೇ ಇದೆ, ಓದಿ.

ನಮ್ಮ ಮನೆಯಲ್ಲಿ ಮರದ ದಿಮ್ಮಿ, ಗಂಟೆ ಕಟ್ಟಿದ ಚೆಂಡು, ಉಬ್ಬು ಚಿತ್ರದ ಪುಸ್ತಕ ಇದ್ದವು. ಈಗ ಲೆಗೋದವರು ಬ್ರೈಲ್ ಇಟ್ಟಿಗೆಯನ್ನೂ ಮಾಡುತ್ತಾರೆ. ಇಟ್ಟಿಗೆಯ ಮೇಲಿನ ಗುಬುಟುಗಳೇ ಬ್ರೈಲ್ ಅಕ್ಷರ, ಪಕ್ಕದಲ್ಲಿ ಕಾಣುವವರಿಗೆ ಅದೇ ಅಕ್ಷರ ಅಚ್ಚಾಗಿದೆ. 2020ರಲ್ಲಿ ಶಾಲೆ, ಸಂಸ್ಥೆಗಳಿಗೆ ಕೊಡಲು ಶುರು ಮಾಡಿದರು, 2023ರಿಂದ ಮನೆಯವರೂ ಕೊಳ್ಳಬಹುದು. ಕಾಣುವ ಮಗು, ಕಾಣದ ಅಮ್ಮ ಒಂದೇ ಇಟ್ಟಿಗೆ ಹಿಡಿದು ಆಡಬಹುದು. ಮೊಮ್ಮಗಳ ಜೊತೆ ನಾನು ಆಡುವುದು ಅದರಲ್ಲೇ.

ಅರೆ ಕಾಣುವ ತಾಯಿ

ನನ್ನ ಮಗಳನ್ನು ನಾನು ದುಡಿಸುತ್ತಿದ್ದೇನೆ ಅನ್ನುವ ಹಾಗೆ ಮಾತಾಡಬೇಡಿ. ಕಾಣುವ ಅಮ್ಮಂದಿರು ಮಗಳ ಹತ್ತಿರ ‘ಆ ಡಬ್ಬಿ ತಾ’ ಅನ್ನುವುದಿಲ್ಲವಾ? ಅದಕ್ಕೆ ಯಾರೂ ಏನೂ ಅನ್ನುವುದಿಲ್ಲ. ನಾವು ಕೇಳಿದ ಕೂಡಲೇ ತಪ್ಪಾಗುತ್ತದೆ. ಹೊರಗಿನವರ ಬಾಯಲ್ಲಿ ಇದನ್ನು ಕೇಳಿ ಸಾಕಾಗಿದೆ, ನಮ್ಮವರೇ ಅಂದರೆ ಇನ್ನೂ ಜಾಸ್ತಿ ಚುಚ್ಚುತ್ತದೆ.

ಮೂವರನ್ನು ಬೆಳೆಸಿದವಳು

ಡಬ್ಬಿ ತರುವುದು ಬೇರೆ, ಒಪ್ಪಿಗೆ ಒತ್ತುವುದು ಬೇರೆ. ಇಷ್ಟೇ ನಾನು ಹೇಳಿದ್ದು. ನಿಮ್ಮನ್ನು ಕೆಟ್ಟ ತಾಯಿ ಅನ್ನಲಿಲ್ಲ.

ಹಠದ ಅಮ್ಮ

ಒಪ್ಪಿಗೆಯ ಮಾತು ಬಂತಲ್ಲ, ಅದು ನಿಜವಾಗಲೂ ಭಯದ ವಿಷಯ. 2017ರಲ್ಲಿ ಜರ್ಮನಿ ‘ಮೈ ಫ್ರೆಂಡ್ ಕೈಲಾ’ ಅನ್ನುವ ಮಾತಾಡುವ ಗೊಂಬೆಯನ್ನೇ ನಿಷೇಧಿಸಿತು. ಅದು ಗುಟ್ಟಾಗಿ ಕೇಳಿಸಿಕೊಳ್ಳುವ ಸಾಧನ ಅಂತ ಲೆಕ್ಕಕ್ಕೆ ತೆಗೆದುಕೊಂಡರು. ಅದೇ ವರ್ಷ ಕ್ಲೌಡ್‌ಪೆಟ್ಸ್ ಗೊಂಬೆಗಳಿಂದ ಮಕ್ಕಳು, ಅಪ್ಪ ಅಮ್ಮ ಕಳಿಸಿದ ಧ್ವನಿ ಸಂದೇಶಗಳು ಬಯಲಾದವು, ಸುಮಾರು 20 ಲಕ್ಷ. ಮೈಕ್ ಆನ್ ಇದ್ದಾಗ ಗೊಂಬೆಯ ದೀಪ ಹತ್ತುತ್ತದೆ ಅಂತ ಕಂಪನಿಗಳು ಹೇಳುತ್ತವೆ. ದೀಪ ಕಾಣದ ನಮಗೆ ಅದರಿಂದ ಏನು ಕಾವಲು? ಆಟ ಮುಗಿದ ಕೂಡಲೇ ನಾನು ಸ್ವಿಚ್ ಪೂರ್ತಿ ಆಫ್ ಮಾಡುತ್ತೇನೆ. ಸ್ವಿಚ್ ಇಲ್ಲದ, ಬರೀ ಮುಟ್ಟಿದರೆ ಆಫ್ ಆಗುವಂಥದ್ದನ್ನು ಕೊಳ್ಳುವುದೇ ಇಲ್ಲ.

ಟೆಸ್ಟಿಂಗ್ ಕೆಲಸದವನು

ಜೋಡಣೆಗೆ ಬೀ ಮೈ ಐಸ್ ಅನ್ನುವ ಆ್ಯಪ್‌ನಲ್ಲಿ ಕರೆ ಮಾಡಿ. ಕಾಣುವ ಸ್ವಯಂಸೇವಕರು ವೀಡಿಯೋದಲ್ಲಿ ನೋಡಿ ಹೇಳುತ್ತಾರೆ. 2015ರಿಂದ ಇದೆ, ಹಣ ಕೊಡಬೇಕಾಗಿಲ್ಲ. ಕ್ಯೂಆರ್ ಕೋಡ್ ಆಟಿಕೆಯ ಯಾವ ಮೂಲೆಯಲ್ಲಿದೆ ಅಂತ ನನಗೆ ಅವರೇ ಹೇಳಿದ್ದು.

ಇಬ್ಬರು ಹುಡುಗರ ಅಪ್ಪ

ಈಗಷ್ಟೇ ಮೈಕ್, ಕ್ಯಾಮೆರಾ ಭಯ ಅಂದರು. ಮರುಕ್ಷಣ ಗುರುತಿಲ್ಲದವರಿಗೆ ಮಗುವಿನ ಕೋಣೆ ತೋರಿಸಿ ಅಂತಿದ್ದೀರಿ!

ಟೆಸ್ಟಿಂಗ್ ಕೆಲಸದವನು

ಸರ್, ಆಟಿಕೆಯನ್ನು ಖಾಲಿ ಮೇಜಿನ ಮೇಲೆ ಇಟ್ಟು ತೋರಿಸುತ್ತೇನೆ. ಮಗು ಆಗ ಬೇರೆ ಕೋಣೆಯಲ್ಲಿ. ಹೆಸರು, ಪಾಸ್‌ವರ್ಡ್ ಹಾಕುವ ಪುಟ ಬಂದರೆ ಕರೆ ನಿಲ್ಲಿಸುತ್ತೇನೆ. ಎಲ್ಲಕ್ಕೂ ಬೇಡ ಅನ್ನುವುದು ನಿಮ್ಮ ಆಯ್ಕೆ, ಅದನ್ನು ಗೌರವಿಸುತ್ತೇನೆ. ಆದರೆ ನಾವು ಕೊಳ್ಳುವುದನ್ನು ನಿಲ್ಲಿಸಿದರೆ ‘ನಿಮ್ಮಂಥವರು ಯಾರೂ ಬಳಸುವುದಿಲ್ಲವಲ್ಲ’ ಅಂತ ಕಂಪನಿಯವರು ಸುಲಭವಾಗಿ ಹೇಳುತ್ತಾರೆ. ಆ ಮಾತನ್ನು ಕೆಲಸದಲ್ಲಿ ನಾನು ಕಿವಿಯಾರೆ ಕೇಳಿದ್ದೇನೆ.

ಇಬ್ಬರು ಹುಡುಗರ ಅಪ್ಪ

ಅವರ ಆ್ಯಪ್ ತಿದ್ದಲು ನನ್ನ ಹಣ, ನನ್ನ ಸಂಜೆ ಯಾಕೆ ಹೋಗಬೇಕು? ದೂರು ಬರೆದಿದ್ದೆ. ‘ಪರದೆಯ ಚಿತ್ರ ಕಳಿಸಿ’ ಅಂತ ಉತ್ತರ ಬಂತು. ಪರದೆ ಕಾಣುವುದಿಲ್ಲ ಅಂತಲೇ ದೂರು ಕೊಟ್ಟಿದ್ದು ನಾನು.

ಹಠದ ಅಮ್ಮ

ಚಿತ್ರ ಅಲ್ಲ, ವಾಯ್ಸ್‌ಓವರ್ ಮಾತಿನ ಸಮೇತ ಪರದೆ ರೆಕಾರ್ಡ್ ಮಾಡಿ ಕಳಿಸಿ. ನಾನು ಹಾಗೇ ಕಳಿಸಿದೆ. ಪೋಷಕರ ಬೀಗಕ್ಕೆ ಎಳೆಯುವ ಆಟ ತೆಗೆದು ಗುಣಾಕಾರದ ಲೆಕ್ಕ ಹಾಕಿದರು, ಅದನ್ನು ವಾಯ್ಸ್‌ಓವರ್ ಓದುತ್ತದೆ. ಉಳಿದ ಬಟನ್ ಹಾಗೇ ಇವೆ.

ಮೂವರನ್ನು ಬೆಳೆಸಿದವಳು

ಬೀಗ, ಲೇಬಲ್ ಅಂತ ಇಷ್ಟು ಮಾತಾಯಿತು. ಆಟಿಕೆಯ ಬ್ಯಾಟರಿ ಬಗ್ಗೆ ಯಾರೂ ಒಂದು ಮಾತೂ ಆಡಲಿಲ್ಲ. ಬಿಲ್ಲೆ ಬ್ಯಾಟರಿಯನ್ನು ಮಗು ನುಂಗಿ ಅದು ಗಂಟಲಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟುಬಿಡುತ್ತದೆ. ಪುಟ್ಟಿಯ ಅಮ್ಮ, ಮೊದಲು ನಾಯಿಯ ಹೊಟ್ಟೆ ಸವರಿ ನೋಡಿ. ಬ್ಯಾಟರಿ ಮುಚ್ಚಳಕ್ಕೆ ತಿರುಪು ಇದೆಯಾ, ಗಟ್ಟಿಯಾಗಿ ಕೂತಿದೆಯಾ? ಜೊತೆಗೆ ರಿಮೋಟ್ ಕೊಟ್ಟಿದ್ದರೆ ಅದನ್ನೂ ನೋಡಿ, ಬಿಲ್ಲೆ ಇರುವುದು ಹೆಚ್ಚಾಗಿ ಅದರಲ್ಲೇ. ಉಗುರಿಗೆ ತೆರೆದುಕೊಳ್ಳುವ ಮುಚ್ಚಳ ಇದ್ದರೆ ಆ್ಯಪ್ ಎಷ್ಟೇ ಚೆನ್ನಾಗಿ ಓದಲಿ, ಇವತ್ತೇ ವಾಪಸ್ ಕೊಡಿ.

ಅರೆ ಕಾಣುವ ತಾಯಿ

ಇದಕ್ಕೆ ಮಾತ್ರ ನಿಮ್ಮ ಜೊತೆ ಪೂರ್ತಿ ಇದ್ದೇನೆ. ಇನ್ನೊಂದು, ಬದಲಿಸುವಾಗ ಹಳೆಯ ಬಿಲ್ಲೆಯನ್ನು ತೆಗೆದ ಕೂಡಲೇ ಟೇಪ್ ಸುತ್ತಿ ಎತ್ತರದಲ್ಲಿ ಇಡಿ. ಖಾಲಿಯಾದ ಬಿಲ್ಲೆಯೂ ಸುಡುತ್ತದೆ. ಕೆಳಗೆ ಬಿದ್ದರೆ ನಾವು ಹುಡುಕುವ ಮೊದಲೇ ಮಗುವಿಗೆ ಸಿಗುತ್ತದೆ.