ಸಾಲಿಗ್ರಾಮದೊಳಗೆ ಬದುಕಿದ್ದ ಜೀವಿಯ ರೂಪ ಹೇಗಿತ್ತು?

ಪ್ರಶ್ನೆ (ಶಿಕ್ಷಕಿ, ಚಿಕ್ಕಮಗಳೂರು):
ನಮ್ಮ ದೇವರ ಮನೆಯಲ್ಲಿ ಅಜ್ಜಿಯ ಕಾಲದ ಒಂದು ಸಾಲಿಗ್ರಾಮವಿದೆ. ಅದರೊಳಗಿನ ಚಕ್ರವು ಅಮೊನೈಟ್ ಎಂಬ ಕಡಲಜೀವಿಯ ಪಳೆಯುಳಿಕೆಯೆಂದು ತಿಳಿದ ಮೇಲೆ, ನಮ್ಮ ಶಾಲೆಯ ಮಕ್ಕಳು ಆ ಜೀವಿಯ ಮಣ್ಣಿನ ಮಾದರಿಯೊಂದನ್ನು ಮಾಡಲು ತೊಡಗಿದ್ದಾರೆ. ಇಂದಿಗೂ ಬದುಕಿರುವ ನಾಟಿಲಸ್‌ನ ದೇಹವನ್ನೇ ಆ ಚಿಪ್ಪಿಗೆ ಕೂರಿಸಿದರೆ ತಪ್ಪಾಗುವುದೇ?

ಉತ್ತರ 1 (ಹಾಸನ):
ದಯವಿಟ್ಟು ಹಾಗೆ ಮಾಡಿಸಬೇಡಿ, ಮೇಡಂ. ಸುರುಳಿ ಚಿಪ್ಪು ಒಂದೇ ಬಗೆಯಾಗಿ ಕಂಡರೂ, ಅಮೊನೈಟ್‌ಗಳು ನಾಟಿಲಸ್‌ಗಿಂತ ಆಕ್ಟೋಪಸ್‌ಗೂ ನಮ್ಮ ಕರಾವಳಿಯವರು ಬೊಂಡಾಸ್ ಎನ್ನುವ ಸ್ಕ್ವಿಡ್‌ಗೂ ಹತ್ತಿರದ ಬಳಗ. ಇದಕ್ಕೆ ಬಾಯೊಳಗೇ ಸಾಕ್ಷಿಯಿದೆ: ಆಹಾರವನ್ನು ಅರದಂತೆ ಉಜ್ಜುವ ಹಲ್ಲುಪಟ್ಟಿಯ ಪ್ರತಿ ಸಾಲಿನಲ್ಲಿ ನಾಟಿಲಸ್‌ಗೆ 13 ಭಾಗಗಳಿದ್ದರೆ, ಅಮೊನೈಟ್‌ಗೆ ಇರುವುದು 9 ಮಾತ್ರ. ಆದ್ದರಿಂದ ನಾಟಿಲಸ್‌ನ ಸುಮಾರು 90 ಬಾಹುಗಳನ್ನೂ ತಲೆಯ ಮೇಲಿನ ದಪ್ಪ ತೊಗಲಿನ ಮುಚ್ಚಳವನ್ನೂ ಕೈಬಿಟ್ಟು, ಹತ್ತು ಬಾಹುಗಳನ್ನು ಇಡಿಸಿ. ನಾಟಿಲಸ್‌ನ ಭ್ರೂಣದಲ್ಲಿ ಕೂಡ ಮೊದಲು ಮೂಡುವುದು ಹತ್ತೇ ಮೊಗ್ಗುಗಳು.

ಉತ್ತರ 2 (ಸಕಲೇಶಪುರ):
ಬಾಹುಗಳು ಮೋಟಾಗಿರಲಿ ಎಂದು ನಾನು ಸೇರಿಸುತ್ತೇನೆ. 2011ರಲ್ಲಿ ಬ್ಯಾಕ್ಯುಲೈಟಿಸ್ ಎಂಬ ನೇರ ಚಿಪ್ಪಿನ ಅಮೊನೈಟ್‌ನ ಬಾಯಿಯನ್ನು ಪ್ರಬಲ ಎಕ್ಸ್‌-ರೇಯಿಂದ ಪರೀಕ್ಷಿಸಿದಾಗ ದವಡೆಗಳ ನಡುವೆ ಸಿಕ್ಕಿದ್ದು ನೀರಿನಲ್ಲಿ ತೇಲುವ ಪುಟಾಣಿ ಜೀವಿಗಳು. ಅಂಥ ಆಹಾರಕ್ಕೆ ಉದ್ದನೆಯ ಬಲಿಷ್ಠ ಬಾಹುಗಳು ಬೇಕಿಲ್ಲ.

ಚಿಪ್ಪಿನ ಒಳರಚನೆಯನ್ನೂ ಮಕ್ಕಳಿಗೆ ತೋರಿಸಿ. ನಮ್ಮ ಎರಡೂ ಜಿಲ್ಲೆಗಳ ಬಂಡೆಗಳು ಅಮೊನೈಟ್‌ಗಳಿಗಿಂತ ಬಹಳ ಹಳೆಯವಾದ್ದರಿಂದ ಇಲ್ಲಿ ಅವು ಸಿಗುವುದಿಲ್ಲ, ಆದರೆ ತಮಿಳುನಾಡಿನ ಅರಿಯಲೂರಿನಲ್ಲಿ ನಾನು ಅಂಗೈಯಗಲದ ತುಂಡೊಂದನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಕೋಣೆಗಳ ಗೋಡೆಗಳು ಚಿಪ್ಪಿಗೆ ಅಂಟಿದ ಗೆರೆ ಜರಿಗಿಡದ ಎಲೆಯಂಚಿನಂತೆ ಸೀಳುಸೀಳಾಗಿತ್ತು. ನಾಟಿಲಸ್‌ನಲ್ಲಿ ಆ ಗೆರೆ ಸರಳವಾಗಿ ಬಾಗಿರುತ್ತದೆ. ಕೋಣೆಗಳನ್ನು ಜೋಡಿಸುವ ಕೊಳವೆ ನಾಟಿಲಸ್‌ನಲ್ಲಿ ಗೋಡೆಗಳ ನಡುಭಾಗದಲ್ಲಿ ಹಾಯ್ದರೆ, ಹೆಚ್ಚಿನ ಅಮೊನೈಟ್‌ಗಳಲ್ಲಿ ಸುರುಳಿಯ ಹೊರ ಅಂಚಿಗೆ ಒತ್ತಿಕೊಂಡಿರುತ್ತದೆ. ಪ್ರಾಣಿ ವಾಸಿಸುತ್ತಿದ್ದುದು ಕೊನೆಯ ಕೋಣೆಯಲ್ಲಿ ಮಾತ್ರ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಧನ್ಯವಾದಗಳು. ಮಕ್ಕಳು ಅಂಟಿಸಿದ್ದ ಮುಚ್ಚಳವನ್ನು ಇಂದೇ ತೆಗೆಸಿದೆ. ಚಿಪ್ಪಿಗೆ ನಾಟಿಲಸ್‌ನ ಕಂದು ಪಟ್ಟೆಗಳನ್ನು ಬಳಿಯಬಹುದೇ?

ಉತ್ತರ 1:
ಪಟ್ಟೆ ಇರಲಿ, ಆದರೆ ದಿಕ್ಕು ಬದಲಿಸಿ. ಬಣ್ಣದ ಗುರುತು ಉಳಿದಿರುವ ಅಮೊನೈಟ್‌ಗಳು ಬಹಳ ಅಪರೂಪ; ಅಂಥ ಕೆಲವು ಜುರಾಸಿಕ್ ಚಿಪ್ಪುಗಳಲ್ಲಿ ಪಟ್ಟೆಗಳು ನಾಟಿಲಸ್‌ನಂತೆ ಅಡ್ಡಲಾಗಿರದೆ ಸುರುಳಿಯ ಉದ್ದಕ್ಕೂ ಸಾಗಿವೆ.