ಅಪ್‌ಡೇಟ್: ಲಿಂಚ್ ಸಿಂಡ್ರೋಮ್, ಈ ಬಾರಿ ಕೊಲೊನೋಸ್ಕೋಪಿ ಪೂರ್ತಿಯಾಯಿತು

ನನಗೆ ಲಿಂಚ್ ಸಿಂಡ್ರೋಮ್ ಇದೆ, ಅಂದರೆ ಕರುಳಿನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ, ವಂಶದಲ್ಲಿ ಬರುವ ಜೀನ್ ದೋಷ (ನನ್ನಲ್ಲಿ ಎಂಎಲ್‌ಎಚ್1 ಎಂಬ ಜೀನಿನಲ್ಲಿ). ಹಿಂದಿನ ಸಲ ಕರುಳು ಶುಚಿಯಾಗದೆ ಕೊಲೊನೋಸ್ಕೋಪಿ (ಕ್ಯಾಮೆರಾ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆ) ಅರ್ಧಕ್ಕೇ ನಿಂತಿತು, ಈಗ ಏನು ಮಾಡಲಿ ಎಂದು ಇಲ್ಲಿ ಕೇಳಿದ್ದೆ. ಪರೀಕ್ಷೆ ಮುಗಿಯಿತು, ದೊಡ್ಡ ಕರುಳಿನ ಆರಂಭದವರೆಗೂ ನೋಡಿದರು.

ಕೆಲಸಕ್ಕೆ ಬಂದದ್ದು ಕರುಳು ಶುಚಿಮಾಡುವ ಭೇದಿ ಔಷಧವನ್ನು ಎರಡು ಪಾಲು ಮಾಡಿ ಕುಡಿಯುವ ಸಲಹೆ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ ಸುಮಾರು 5 ಗಂಟೆ ಮೊದಲು. ವೈದ್ಯರೂ ಒಪ್ಪಿದರು. ನಸುಕಿನಲ್ಲಿ ಎದ್ದು ಆ ಉಪ್ಪುಪ್ಪು ದ್ರಾವಣ ಕುಡಿಯುವುದು ಶಿಕ್ಷೆಯೇ ಸರಿ, ಆದರೆ ಫಲ ಸಿಕ್ಕಿತು. ನಾರು, ಬೀಜಗಳಿರುವ ಆಹಾರವನ್ನು ಮೊದಲೇ ಬಿಟ್ಟದ್ದೂ ನೆರವಾಗಿರಬೇಕು. ಸ್ಟ್ರಾ ಹಾಕಿ ಕುಡಿಯುವ ಉಪಾಯ ಮಾತ್ರ ನನಗೆ ಒಗ್ಗಲಿಲ್ಲ. ಸಂಕಟ ಇನ್ನಷ್ಟು ಹೊತ್ತು ಎಳೆಯಿತು, ಅಷ್ಟೆ.

ಮಲ ಪರೀಕ್ಷೆ ಸಾಲದೇ ಎಂದು ಕೆಲವರು ಕೇಳಿದ್ದಿರಿ. ಲಿಂಚ್ ಇರುವವರಿಗೆ ಅದು ಬದಲಿಯಲ್ಲ ಎಂದು ವೈದ್ಯರು ಖಡಾಖಂಡಿತವಾಗಿ ಹೇಳಿದರು. ಕಾರಣ ಕೇಳಿ ಬೆಚ್ಚಿದೆ: ಸಾಮಾನ್ಯವಾಗಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು) ಕ್ಯಾನ್ಸರ್ ಆಗಲು 10 ವರ್ಷವಾದರೂ ಬೇಕಾದರೆ, ನಮ್ಮಂಥವರಲ್ಲಿ 2-3 ವರ್ಷವೇ ಸಾಕಾಗಬಹುದಂತೆ. ಅದಕ್ಕೇ 1-2 ವರ್ಷಕ್ಕೊಮ್ಮೆ ತಪಾಸಣೆ. ನನ್ನಲ್ಲಿ ಸಿಕ್ಕಿದ್ದು ಬಲಭಾಗದಲ್ಲಿ ಚಪ್ಪಟೆಯಾಗಿದ್ದ ಸಣ್ಣದೊಂದು ಪಾಲಿಪ್. ಅಲ್ಲೇ ತೆಗೆದರು, ವರದಿಯಲ್ಲಿ ಅಡಿನೋಮ (ಬಿಟ್ಟರೆ ಮುಂದೆ ಕ್ಯಾನ್ಸರ್ ಆಗಬಹುದಾದ ಬಗೆಯ ಪಾಲಿಪ್), ಕ್ಯಾನ್ಸರ್ ಅಲ್ಲ. ಕರುಳು ಶುಚಿಯಿಲ್ಲದಿದ್ದರೆ ಇಂಥದ್ದು ಸುಲಭವಾಗಿ ಕಣ್ತಪ್ಪುತ್ತದೆ.

ಆಸ್ಪಿರಿನ್ ಬಗ್ಗೆ ಸೂಚಿಸಿದವರಿಗೆ: ಲಿಂಚ್‌ನಲ್ಲಿ ಅದು ಕ್ಯಾನ್ಸರಿನ ಅಪಾಯ ತಗ್ಗಿಸುವುದು ನಿಜ, ಆದರೆ ರಕ್ತಸ್ರಾವದ ಭಯವೂ ಇರುವುದರಿಂದ ನನ್ನ ವಿಷಯದಲ್ಲಿ ಇನ್ನೂ ತೀರ್ಮಾನವಾಗಿಲ್ಲ. ತಂಗಿಗೂ ಈ ದೋಷ ಬಂದಿರುವ ಸಾಧ್ಯತೆ ಶೇ. 50. ಅವಳು ಜೀನ್ ಪರೀಕ್ಷೆಗೆ ರಕ್ತ ಕೊಟ್ಟಿದ್ದಾಳೆ, ವರದಿ ಬರಬೇಕು.