ಸಹಾಯ ಬೇಕು: ನಮ್ಮ ಅಡಿಕೆ ಸುಲಿಯುವ ಯಂತ್ರಕ್ಕೆ ಕಂಪನಿಯೊಂದರ ಪೇಟೆಂಟ್ ಅರ್ಜಿ

ಎಲ್ಲರಿಗೂ ನಮಸ್ಕಾರ. ನಾನು, ನಮ್ಮ ಭಾವ ಸೇರಿ 2017ರಲ್ಲಿ ತೀರ್ಥಹಳ್ಳಿ ಹತ್ತಿರದ ಒಂದು ವೆಲ್ಡಿಂಗ್ ಶೆಡ್‌ನಲ್ಲಿ ಹಸಿ ಅಡಿಕೆ ಸುಲಿಯುವ ಯಂತ್ರ ಮಾಡಿದ್ದೆವು. ಅಡಿಕೆಗೆ ಗಾಯ ಆಗಬಾರದು ಅಂತ ಬ್ಲೇಡಿನ ಹಿಂದೆ ಸ್ಪ್ರಿಂಗ್ ಕೊಟ್ಟು, ಎದುರಿಗೆ ಹಳೇ ಲಾರಿ ಟಯರಿನ ರಬ್ಬರ್ ಪಟ್ಟಿ ಕೂರಿಸಿದ್ದೆವು, ಕಾಯಿ ಸಣ್ಣದಿರಲಿ ದೊಡ್ಡದಿರಲಿ ಸಿಪ್ಪೆ ಮಾತ್ರ ಹರಿಯುತ್ತದೆ. ಹನ್ನೊಂದು ಯಂತ್ರ ಮಾರಿದೆವು. ಈಗ ಒಂದು ಕಂಪನಿ ಇದೇ ಜೋಡಣೆಗೆ ಪೇಟೆಂಟ್ ಕೇಳಿದೆ. ಅರ್ಜಿ ಹಾಕಿದ್ದು 2022ರಲ್ಲಿ! ಚಿತ್ರ ನೋಡಿ ಭಾವ, "ಇದು ನಮ್ಮ ಶೆಡ್ಡಿಂದಲೇ ಎತ್ತಿದ್ದು ಅಲ್ವಾ" ಅಂದರು.

ಪೇಟೆಂಟ್ ಇನ್ನೂ ಸಿಕ್ಕಿಲ್ಲ. ಸಿಗುವ ಮೊದಲು ಯಾರು ಬೇಕಾದರೂ ಫಾರಂ 7ಎ ಹಾಕಿ ಆಕ್ಷೇಪಿಸಬಹುದು, ಸಿಕ್ಕ ಮೇಲಾದರೆ ಅದು ಪ್ರಕಟವಾದ ದಿನದಿಂದ ಒಂದು ವರ್ಷ ಅವಕಾಶ. ಅರ್ಜಿಗೆ ಮೊದಲೇ ಇಲ್ಲಿ ಎಲ್ಲರಿಗೂ ಗೊತ್ತಿತ್ತು, ಬಳಕೆಯಲ್ಲಿತ್ತು ಅಂತ ತೋರಿಸಬೇಕು. ಗಾಯಕ್ಕೆ ಅರಿಶಿನ ಹಚ್ಚುವುದಕ್ಕೆ ಕೊಟ್ಟಿದ್ದ ಪೇಟೆಂಟನ್ನು 1997ರಲ್ಲಿ ಅಮೆರಿಕದಲ್ಲಿ ರದ್ದು ಮಾಡಿಸಿದ್ದೂ ಹಳೇ ಬರಹಗಳನ್ನು ಮುಂದಿಟ್ಟೇ. ನಮ್ಮ ಹತ್ತಿರ ಅಂಥ ಬರಹ ಎಲ್ಲಿದೆ? ಎರಡು ಕೈಬರಹದ ಬಿಲ್ಲು, ಎಣ್ಣೆ ಮೆತ್ತಿದ ಒಂದು ನೋಟ್‌ಬುಕ್, ಅಷ್ಟೇ. ಫೋನ್ ಕೆಟ್ಟು ವಿಡಿಯೋ ಎಲ್ಲಾ ಹೋಯಿತು.

2022ಕ್ಕಿಂತ ಮುಂಚೆ ಈ ಯಂತ್ರ ಕೊಂಡವರು, ಕೃಷಿ ಮೇಳದಲ್ಲಿ ನೋಡಿ ಫೋಟೋ ತೆಗೆದವರು ಯಾರಾದರೂ ಇದ್ದೀರಾ? ತಾರೀಖು ಕಾಣುವ ಮೂಲ ಫೈಲೇ ಬೇಕು, ಫಾರ್ವರ್ಡ್ ಆಗಿದ್ದು ಸಾಲದು. ಚೆನ್ನೈ ಪೇಟೆಂಟ್ ಕಚೇರಿಯಲ್ಲಿ ಕೆಲಸ ಮಾಡಿಸಿ ಗೊತ್ತಿರುವ, ಜಾಸ್ತಿ ಫೀಸು ಕೇಳದ ಏಜೆಂಟ್ ಇದ್ದರೂ ತಿಳಿಸಿ. ಸುಮ್ನೆ "ಕೋರ್ಟಿಗೆ ಹೋಗಿ" ಅನ್ನಬೇಡಿ, ಅಷ್ಟು ದುಡ್ಡಿಲ್ಲ.